ಎಡಕ್ಕೆ ವಾಲಿದ ಕೂರಣ್ಣ

ಕುರ್ಚಿ ಮಾಡುವ ಒಂದು ಹಳೇ ಕಂಪನಿ. ಎಷ್ಟು ಹಳೆಯದೆಂದರೆ, ಗೇಟಿನ ಮೇಲಿನ ಬೋರ್ಡಿನಲ್ಲಿ ಬಣ್ಣದ ಮೇಲೆ ಬಣ್ಣ ಕೂತು ಅಕ್ಷರಗಳೆಲ್ಲ ಊದಿಕೊಂಡು, ಹೆಸರನ್ನು ಓದುವುದಕ್ಕಿಂತ ಕೈಯಿಂದ ಸವರಿ ತಿಳಿದುಕೊಳ್ಳುವುದೇ ಸುಲಭ ಎನ್ನುವ ಹಾಗಾಗಿತ್ತು. ಈಗಿನ ಯಜಮಾನಿಯ ಮುತ್ತಜ್ಜ ಅದನ್ನು ಒಂದು ಗರಗಸ, ಒಂದಿಷ್ಟು ಉಳಿ, ಮತ್ತೆ ಹೊರಲಾರದಷ್ಟು ಹಟ ಇಟ್ಟುಕೊಂಡು ಶುರುಮಾಡಿದ್ದ. ಗರಗಸ ತುಕ್ಕು ಹಿಡಿಯಿತು, ಉಳಿಗಳು ಸವೆದವು, ಹಟ ಮಾತ್ರ ಹೊಸದರ ಹಾಗೇ ಉಳಿದುಕೊಂಡಿತು.

ಆ ಹಟಗಳಲ್ಲೆಲ್ಲ ದೊಡ್ಡದು ಒಂದಿತ್ತು. ಒಬ್ಬ ಮನುಷ್ಯ ಕೂತು ನೋಡದ ಹೊರತು ಯಾವ ಕುರ್ಚಿಯೂ ಗೇಟು ದಾಟಕೂಡದು. ಕಣ್ಣಿಂದ ನೋಡಿದರೆ ಸಾಲದು, ಕೈಯಿಂದ ಅಲ್ಲಾಡಿಸಿದರೆ ಸಾಲದು, ಮೈಯ ಭಾರವೆಲ್ಲ ಹಾಕಿ ಕೂರಬೇಕು. ಕೂತು ಎದ್ದಮೇಲೆ ಕುರ್ಚಿಯ ಅಡಿಯಲ್ಲಿ ‘ಕೂತು ನೋಡಿದೆ’ ಎಂದು ಮುದ್ರೆ ಒತ್ತಬೇಕು. ಮೊದಮೊದಲು ಮುತ್ತಜ್ಜ ತಾನೇ ಕೂರುತ್ತಿದ್ದ. ವಯಸ್ಸಾದಮೇಲೆ ಒಂದು ತೊಂದರೆ ಶುರುವಾಯಿತು. ಮಧ್ಯಾಹ್ನದ ಊಟವಾಗಿ ಯಾವ ಕುರ್ಚಿಯಲ್ಲಿ ಕೂತರೂ ಅಲ್ಲೇ ನಿದ್ದೆ. ಯಜಮಾನನನ್ನು ಎಬ್ಬಿಸುವ ಧೈರ್ಯ ಯಾರಿಗಿದೆ? ಅವನು ಏಳುವವರೆಗೆ ಹಿಂದಿನ ಕುರ್ಚಿಗಳು ಸಾಲುಗಟ್ಟಿ, ಶೆಡ್ಡು ತುಂಬಿ, ಕೆಲಸಗಾರರು ಬಾಗಿಲಾಚೆ ನಿಂತು ಕಾಯಬೇಕಾಗುತ್ತಿತ್ತು. ಕೊನೆಗೆ ಅವನೇ ಬೇಸತ್ತು, ಕೂರುವುದಕ್ಕೆಂದೇ ಒಬ್ಬ ಆಳನ್ನು ನೇಮಿಸಿದ. ಆ ಕೆಲಸ ಕೈಯಿಂದ ಕೈಗೆ, ಅಲ್ಲ, ಆ ಜಾಗದಿಂದ ಆ ಜಾಗಕ್ಕೆ ದಾಟುತ್ತ ಬಂದು ನಮ್ಮ ಕೂರಣ್ಣನಿಗೆ ಸಿಕ್ಕಿತು.

ತಂದೆತಾಯಿ ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಅವನಿಗೇ ಮರೆತುಹೋಗುವಷ್ಟು ಜನ ಅವನನ್ನು ಕೂರಣ್ಣ ಎಂದೇ ಕರೆದರು. ಅವನ ಸೋದರಮಾವ ಅವನಿಗಿಂತ ಮೊದಲು ಅಲ್ಲಿ ಕೂರುತ್ತಿದ್ದವನು. ಮಾವ ಕೆಲಸ ಬಿಡುವ ದಿನ ಅಳಿಯನನ್ನು ಕರೆದು, ಮುಂದೆ ನಿಲ್ಲಿಸಿಕೊಂಡು, ಕೂರುವುದನ್ನು ಕಲಿಸಿಕೊಟ್ಟಿದ್ದ. ಸುಮ್ಮನೆ ಕುಕ್ಕರಿಸುವುದಲ್ಲ. ಮೊದಲು ಕುರ್ಚಿಗೆ ಬೆನ್ನು ತೋರಿಸಿ ನಿಲ್ಲಬೇಕು, ಅದು ನಿನ್ನನ್ನು ನೋಡಲಿ. ಆಮೇಲೆ ಭಾರವನ್ನು ಒಂದೇ ಸಲಕ್ಕೆ ಬಿಡಬೇಕು. ಒರಗಬೇಕು. ಕಾಲ ಮೇಲೆ ಕಾಲು ಹಾಕಿ, ತೆಗೆದು, ಉಸ್ಸಪ್ಪಾ ಎನ್ನಬೇಕು. ಆ ಉಸ್ಸಪ್ಪಾ ಬಾರದಿದ್ದರೆ ಕುರ್ಚಿಯಲ್ಲಿ ಏನೋ ಐಬಿದೆ ಎಂದು ಲೆಕ್ಕ. ಬಂದರೆ ‘ಹೋಗಲಿ’ ಎಂದರಾಯಿತು, ಮುದ್ರೆ ಬಿತ್ತು, ಕುರ್ಚಿ ಹೊರಟಿತು.

ಹೆಣ್ಣು ನೋಡಲು ಹೋದಾಗ ಹುಡುಗ ಏನು ಮಾಡುತ್ತಾನೆ ಎಂದು ಕೇಳಿದ್ದಕ್ಕೆ, ಕೂರಣ್ಣನ ತಾಯಿ ಕಂಪನಿಯಲ್ಲಿ ಕೂತಿರುತ್ತಾನೆ ಎಂದಿದ್ದಳು. ಅಬ್ಬಾ, ಕೂತು ಮಾಡುವ ಕೆಲಸ ಎಂದು ಹೆಣ್ಣಿನ ತಂದೆಗೆ ಹಿಗ್ಗು. ಮದುವೆಯಾಗಿ ವಾರ ಕಳೆದಮೇಲೆ ಕಂಪನಿಗೆ ಬಂದು, ಅಳಿಯ ಕೂತು ಎದ್ದು, ಕೂತು ಎದ್ದು ಬೆವರು ಒರೆಸಿಕೊಳ್ಳುವುದನ್ನು ಕಂಡು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹಿಂದಿರುಗಿದ ಮನುಷ್ಯ ಬಹಳ ಕಾಲ ಮಗಳ ಮನೆ ಕಡೆ ತಲೆಹಾಕಲಿಲ್ಲ. ತಲೆಹಾಕಿದಾಗಲೂ ಅವನಿಗೆ ಸಿಟ್ಟೇ ಬಂತು. ಅಳಿಯ ಮನೆಯಲ್ಲಿ ಕೂರುತ್ತಲೇ ಇರಲಿಲ್ಲ. ದಿನವಿಡೀ ಕೂತವನಿಗೆ ಸಂಜೆ ನಿಲ್ಲುವುದೇ ವಿಶ್ರಾಂತಿ. ನಿಂತೇ ಉಣ್ಣುವುದು, ನಿಂತೇ ಪೇಪರು ಓದುವುದು. ನೀವು ಕೂರಿ ಮಾವ ಎಂದು ತಾನು ಬಾಗಿಲ ಹತ್ತಿರ ನಿಂತಿದ್ದರೆ, ಯಾವಾಗ ಹೊರಡುತ್ತೀರಿ ಎಂದು ಕೇಳಿದ ಹಾಗೆ ಕಾಣುತ್ತಿತ್ತು.

ಹೀಗೆ ಸಾಗುತ್ತಿರುವಾಗ ಒಂದು ವರ್ಷ ಕೂರಣ್ಣನಿಗೆ ಕುರು ಎದ್ದಿತು. ಎಲ್ಲಿ ಎಂದರೆ, ಬಲಗಡೆ, ಸರಿಯಾಗಿ ಕೂರುವ ಜಾಗದಲ್ಲಿ. ಬೇರೆಯವರಿಗೆ ಎದ್ದಿದ್ದರೆ ಅದು ಬರೀ ಕುರು. ಕೂರಣ್ಣನಿಗೆ ಎದ್ದದ್ದು ಕಂಪನಿಗೇ ಬಂದ ಕಷ್ಟ. ರಜೆ ಹಾಕೋಣವೆಂದರೆ ಬದಲಿಗೆ ಕೂರುವವರು ಬೇರೆ ಯಾರೂ ಇಲ್ಲ. ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಬಂದ. ಬಲಗಡೆಯನ್ನು ಸ್ವಲ್ಪ ಮೇಲಕ್ಕೆ ಹಿಡಿದು, ಭಾರವನ್ನೆಲ್ಲ ಎಡಗಡೆಗೆ ಹೊರಿಸಿ ಕೂತ. ಹಾಗೆ ಕೂತವನಿಗೆ ಯಾವ ಕುರ್ಚಿಯಾದರೂ ಎಡಕ್ಕೆ ಇಳಿದ ಹಾಗೆ ಅನ್ನಿಸದೆ ಇನ್ನೇನು?

“ಮೇಸ್ತ್ರಿ, ಎಡಗಡೆ ತಗ್ಗು” ಎಂದ.

ಬಡಗಿ ಮೇಸ್ತ್ರಿ ಕೂರಣ್ಣನಿಗಿಂತ ಹಳಬ. ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು ಇಟ್ಟುಕೊಂಡು, ಪೆನ್ಸಿಲ್ ಇಲ್ಲದಾಗಲೂ ಆ ಕಿವಿ ಅಗಲವಾಗಿಯೇ ನಿಂತಿರುತ್ತಿತ್ತು. ಕೂರುವವನು ಹೇಳಿದಮೇಲೆ ಎದುರು ಮಾತಿಲ್ಲ, ಅದು ಕಂಪನಿಯ ಕ್ರಮ. ಎಡ ತಗ್ಗಾದರೆ ಬಲಗಾಲುಗಳು ಉದ್ದ ಎಂದರ್ಥ. ಅರ ತೆಗೆದುಕೊಂಡು ಕುರ್ಚಿಯ ಬಲಗಾಲುಗಳನ್ನು ಉಜ್ಜಿ ಗಿಡ್ಡ ಮಾಡಿದ. ಕೂರಣ್ಣ ಕೂತು ನೋಡಿದ. ಉಸ್ಸಪ್ಪಾ ಬಂತು. ಹೋಗಲಿ.

ಮುಂದಿನ ಕುರ್ಚಿ, ಅದೇ ಕತೆ. ಅದರ ಮುಂದಿನದೂ ಅದೇ. ಕುರು ಒಡೆದು, ಮಾಗಿ, ಗಾಯದ ಗುರುತೂ ಉಳಿಯಲಿಲ್ಲ. ಆದರೆ ಅಷ್ಟರಲ್ಲಿ ಮೈಗೆ ಅಭ್ಯಾಸ ಹತ್ತಿಬಿಟ್ಟಿತ್ತು. ಕೂರಣ್ಣ ಎಡಕ್ಕೇ ಕೂತ, ಕೂರುತ್ತಲೇ ಹೋದ, ತನಗೆ ತಿಳಿಯದೆಯೇ. ಇತ್ತ ಮೇಸ್ತ್ರಿಗೆ ಪ್ರತಿ ಕುರ್ಚಿಯನ್ನೂ ಒಯ್ದು, ಬೈಸಿಕೊಂಡು, ವಾಪಸು ತಂದು, ಉಜ್ಜಿ, ಮತ್ತೆ ಒಯ್ಯುವುದು ಸಾಕಾಗಿಹೋಯಿತು. ಮೊದಲೇ ಬಲಗಾಲುಗಳನ್ನು ಉಜ್ಜಿ ಕಳಿಸಿಬಿಟ್ಟರೆ ಓಡಾಟ ಉಳಿಯುತ್ತದಲ್ಲ ಎಂದುಕೊಂಡ. ಹಾಗೇ ಮಾಡಿದ. ಕೂರಣ್ಣ ಎಲ್ಲದಕ್ಕೂ ಹೋಗಲಿ, ಹೋಗಲಿ ಎಂದ. ಇಬ್ಬರಿಗೂ ಪರಮ ಸುಖ.

ಮತ್ತೆ ಹೊಸದಾಗಿ ಸೇರಿದ ಬಡಗಿಗಳು ಇದೇಕೆ ಹೀಗೆ ಎಂದು ಕೇಳದೆ ಬಿಡುತ್ತಾರೆಯೇ? ಮೇಸ್ತ್ರಿಗೆ ನಿಜವಾದ ಕಾರಣ ಅಷ್ಟೊತ್ತಿಗೆ ಮರೆತೇ ಹೋಗಿತ್ತು. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಧ್ವನಿ ತಗ್ಗಿಸಿ, ಅತ್ತಿತ್ತ ನೋಡಿ, ಮರ ಕಡಿದಮೇಲೂ ಬಲಗಡೆಗೆ ಸ್ವಲ್ಪ ಬೆಳೆಯುತ್ತದೆ, ಇದು ಯಜಮಾನರ ಅಜ್ಜನ ಗುಟ್ಟು, ಹೊರಗೆ ಬಾಯಿಬಿಟ್ಟೀರಿ ಎಂದ. ಅವರೂ ಬಾಯಿಬಿಡಲಿಲ್ಲ. ತಮ್ಮ ನಂತರ ಬಂದವರಿಗೆ ಇನ್ನೂ ತಗ್ಗಿದ ಧ್ವನಿಯಲ್ಲಿ ಹೇಳಿಕೊಟ್ಟರು.

ಹೀಗಾಗಿ ಆ ಕಂಪನಿಯ ಕುರ್ಚಿಗಳೆಲ್ಲ ಬಲಕ್ಕೆ ಒಂದಿಷ್ಟು ವಾಲಿದವು. ಕೊಂಡವರು ತಕರಾರು ತೆಗೆಯಲಿಲ್ಲವೇ ಎಂದು ನೀವು ಕೇಳಬಹುದು. ಅಷ್ಟು ಹಳೇ ಕಂಪನಿಯ ಕುರ್ಚಿ ಸೊಟ್ಟಗಿರುತ್ತದೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ? ಕೆಲವರು ತಮ್ಮ ಮನೆಯ ನೆಲವೇ ಸರಿಯಿಲ್ಲವೆಂದು ಗಾರೆಯವನನ್ನು ಕರೆಸಿ ಬೈದರು. ಕೆಲವರು ತಮ್ಮ ಸೊಂಟವನ್ನು ಡಾಕ್ಟರಿಗೆ ತೋರಿಸಿದರು. ಕ್ಷೌರದಂಗಡಿಯವನೊಬ್ಬ ಮಾತ್ರ, ಗಿರಾಕಿಗಳ ತಲೆ ತಾನಾಗಿಯೇ ಬಲಕ್ಕೆ ಬಾಗುತ್ತದೆ, ಎಡಗಿವಿಯ ಹಿಂದೆ ಕತ್ತರಿ ಆಡಿಸಲು ಎಷ್ಟು ಸಲೀಸು, ಹಳಬರ ಬುದ್ಧಿಯೇ ಬುದ್ಧಿ ಎಂದು ಹೊಗಳಿ ಇನ್ನಷ್ಟು ಕುರ್ಚಿ ಕೊಂಡುಹೋದ.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಹಳೇ ಯಜಮಾನರು ಮೂಲೆ ಸೇರಿ, ಅವರ ಮಗಳು ಕಂಪನಿಗೆ ಬಂದಳು. ಎಲ್ಲರೂ ಅವಳನ್ನು ಸಣ್ಣಮ್ಮ ಎಂದು ಕರೆದರು. ಶೆಡ್ಡಿನಲ್ಲಿ ತೊಟ್ಟಿಲಲ್ಲಿ ಮಲಗಿ ಬೆಳೆದ ಕೂಸು, ಮರದ ಹೊಟ್ಟು ತಿಂದು ಬೈಸಿಕೊಂಡವಳು. ಬಂದ ಮೊದಲ ದಿನವೇ ಶೆಡ್ಡಿನಲ್ಲಿ ಓಡಾಡುತ್ತ, ಮೇಸ್ತ್ರಿಯ ಜೊತೆ ಮಾತಾಡುತ್ತ, ಕೈಯಲ್ಲಿದ್ದ ಪೆನ್ನನ್ನು ಪಕ್ಕದ ಕುರ್ಚಿಯ ಮೇಲೆ ಇಟ್ಟಳು. ಪೆನ್ನು ಉರುಳಿ ಬಲಗಡೆಯಿಂದ ಕೆಳಗೆ ಬಿತ್ತು. ಎತ್ತಿ ಇನ್ನೊಂದು ಕುರ್ಚಿಯ ಮೇಲೆ ಇಟ್ಟಳು. ಅಲ್ಲಿಂದಲೂ ಬಲಕ್ಕೇ ಬಿತ್ತು. ಸಣ್ಣಮ್ಮ ಮಾತು ನಿಲ್ಲಿಸಿದಳು. ಸಾಲಿನ ಉದ್ದಕ್ಕೂ ಪೆನ್ನು ಇಡುತ್ತ, ಬೀಳಿಸುತ್ತ, ಎತ್ತುತ್ತ ಹೋದಳು. ಹೊಸ ಯಜಮಾನಿಗೆ ಏನೋ ಆಗಿದೆ ಎಂದು ಕೆಲಸಗಾರರು ಕಣ್ಣಲ್ಲೇ ಮಾತಾಡಿಕೊಂಡರು.

ಮರುದಿನ ಅವಳು ರಸಮಟ್ಟ ತಂದಳು, ಗಾರೆ ಕೆಲಸದವರು ಗೋಡೆಯ ಮೇಲೆ ಇಟ್ಟು ಸಮ ನೋಡುವ ಗಾಜಿನ ನಳಿಗೆಯ ಪಟ್ಟಿ. ಕುರ್ಚಿಯ ಮೇಲೆ ಇಟ್ಟರೆ ಒಳಗಿನ ಗುಳ್ಳೆ ಎಡಕ್ಕೆ ಓಡಿ ಮೂಲೆ ಹಿಡಿಯಿತು. ಗುಳ್ಳೆ ಓಡಿದ್ದು ಎತ್ತರದ ಕಡೆಗೆ, ತಗ್ಗಿರುವುದು ಬಲಗಡೆ ಎಂದು ಅವಳು ಎಲ್ಲರಿಗೂ ತಿಳಿಹೇಳಿದಳು. ಮೇಸ್ತ್ರಿ ಬಗ್ಗಿ ನೋಡಿ, ರಸಮಟ್ಟಕ್ಕೆ ಬಿಸಿಲು ತಾಗಿರಬೇಕು ಎಂದ. ಬೇರೆ ರಸಮಟ್ಟ ತರಿಸಿದರು. ಅದೂ ಹಾಗೇ ಹೇಳಿತು. ಹಾಗಾದರೆ ನೆಲ ವಾಲಿರಬೇಕು ಎಂದ. ನೆಲಕ್ಕೆ ನೀರು ಸುರಿದರು, ನೀರು ಇದ್ದಲ್ಲೇ ನಿಂತು ಎಲ್ಲರ ಮುಖವನ್ನೂ ತೋರಿಸಿತು. ಪ್ಯಾಕಿಂಗಿನವನೊಬ್ಬ ಮುಂದೆ ಬಂದು, ಊರಿಗೆ ಊರೇ ವಾಲುತ್ತಿರಬಹುದು, ತನ್ನ ಮನೆಯ ಬಾಗಿಲೂ ಈಚೆಗೆ ಮುಚ್ಚುತ್ತಿಲ್ಲ ಎಂದ. ಸಣ್ಣಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು.

ಆಮೇಲೆ ಅವಳು ತಾನೇ ನಿಂತು, ಬಲಗಾಲಿಗೆ ಅರ ಮುಟ್ಟಿಸಗೊಡದೆ ಒಂದು ಕುರ್ಚಿ ಮಾಡಿಸಿದಳು. ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತಿತು. ಕೂರಣ್ಣನನ್ನು ಕರೆದು ಕೂರಿ ಎಂದಳು. ಕೂರಣ್ಣ ಬೆನ್ನು ತೋರಿಸಿ ನಿಂತ, ಭಾರ ಬಿಟ್ಟ, ಒರಗಿದ, ಕಾಲ ಮೇಲೆ ಕಾಲು ಹಾಕಿದ, ತೆಗೆದ. ಉಸ್ಸಪ್ಪಾ ಬರಲಿಲ್ಲ.

“ಎಡಗಡೆ ತಗ್ಗು ಸಣ್ಣಮ್ಮ” ಎಂದ.

ಎಲ್ಲರೂ ಕುರ್ಚಿಯನ್ನು ಬಿಟ್ಟು ಕೂರಣ್ಣನನ್ನು ನೋಡತೊಡಗಿದರು. ಕೂರಣ್ಣ ತನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ.

ಸಣ್ಣಮ್ಮ ಕೆಟ್ಟವಳಲ್ಲ. ಬೈಯಲಿಲ್ಲ. ಕೂರುವ ಕೆಲಸ ಮುತ್ತಜ್ಜ ಹಾಕಿದ್ದು, ಅದನ್ನು ತೆಗೆಯುವ ಆಸೆ ತನಗಿಲ್ಲ, ಆದರೆ ಕುರ್ಚಿ ನೆಟ್ಟಗಿರಬೇಕು ಎಂದಳು. ಕೂರುವ ಯಂತ್ರವೊಂದನ್ನು ತರಿಸುತ್ತಿದ್ದೇನೆ ಎಂದಳು. ವಾರದ ರಜೆ ಮುಗಿದ ಬೆಳಿಗ್ಗೆ ಕುರ್ಚಿಗಳನ್ನು ಸಾಲಾಗಿ ಇಡುವುದು, ಕೆಲವು ನೆಟ್ಟಗಿನವು, ಕೆಲವು ಸೊಟ್ಟಗಿನವು. ಕೂರಣ್ಣ ಕೂತು ಯಾವುದು ಹೇಗೆ ಎಂದು ಹೇಳಬೇಕು. ಸರಿಯಾಗಿ ಹೇಳಿದರೆ ಅವನೇ ಕೂರುತ್ತಾನೆ. ತಪ್ಪಿದರೆ ಯಂತ್ರ ಕೂರುತ್ತದೆ, ಕೂರಣ್ಣ ಪ್ಯಾಕಿಂಗಿಗೆ ಹೋಗಿ ಗೋಣಿದಾರ ಕಟ್ಟಬೇಕು.

ಯಂತ್ರ ಎರಡು ದಿನ ಮುಂಚೆಯೇ ಬಂತು. ಕಬ್ಬಿಣದ ಕಂಬಕ್ಕೆ ತೂಗುಬಿಟ್ಟ ಒಂದು ಮರಳಿನ ಮೂಟೆ, ಕೆಳಗೆ ಎರಡು ಮುಳ್ಳು. ಹಿಡಿಕೆ ಎಳೆದರೆ ಮೂಟೆ ಕುರ್ಚಿಯ ಮೇಲೆ ಧೊಪ್ಪನೆ ಕೂರುತ್ತದೆ, ಮುಳ್ಳುಗಳು ಎಡ ಎಷ್ಟು ಬಲ ಎಷ್ಟು ಎಂದು ತೋರಿಸುತ್ತವೆ. ಕೂತದ್ದು ಮಾತಾಡುವುದಿಲ್ಲ, ಎತ್ತದ ಹೊರತು ಏಳುವುದಿಲ್ಲ, ಮಾಡುವುದು ಬೇರೇನೂ ಇಲ್ಲ. ಅರ್ಧ ಗಂಟೆಯಲ್ಲಿ ಕೆಲಸಗಾರರು ಅದಕ್ಕೆ ಅಳಿಯ ಎಂದು ಹೆಸರಿಟ್ಟರು. ಅಳಿಯಂದಿರಿಗೆ ದಾರಿ ಬಿಡಿ, ಅಳಿಯಂದಿರಿಗೆ ಎಣ್ಣೆ ಹಾಕಿ ಎಂದು ಒಂದೇ ಗಲಾಟೆ. ನಗದವನೆಂದರೆ ಕೂರಣ್ಣ ಒಬ್ಬನೇ.

ಗೋಣಿ ಕಟ್ಟುವುದು ಅವಮಾನದ ಕೆಲಸವೇನಲ್ಲ, ಅದು ಅವನಿಗೂ ಗೊತ್ತು. ಆದರೆ ಅವನಿಗೆ ಬರುವುದು ಇದೊಂದೇ. ಸೋದರಮಾವ ಎದುರು ನಿಲ್ಲಿಸಿಕೊಂಡು ಕಲಿಸಿದ್ದು ಇದೊಂದೇ. ಕೂರದ ಕೂರಣ್ಣನನ್ನು ಜನ ಏನೆಂದು ಕರೆಯುತ್ತಾರೆ? ಅವನು ಜೋತುಮೋರೆ ಹಾಕಿಕೊಂಡು ಮನೆಗೆ ಬಂದು ಗೋಡೆಗೆ ಒರಗಿ ನಿಂತ.

ಹೆಂಡತಿ ನಡುಮನೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಬೀದಿಯ ಅರ್ಧ ಜನರ ಬಟ್ಟೆ ಅವಳ ಕೈಯಲ್ಲೇ ಹಾದುಹೋಗುತ್ತಿತ್ತು. ಗಂಡ ನಡೆದದ್ದನ್ನೆಲ್ಲ ಹೇಳುವವರೆಗೂ ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಅವನು, ರಸಮಟ್ಟಕ್ಕೇನು ತಿಳಿಯುತ್ತದೆ, ನಾನು ಇಷ್ಟು ವರ್ಷ ಕೂತಿಲ್ಲವೇ, ನನ್ನ ಕೂರುವಿಕೆಯಲ್ಲಿ ಐಬು ಹುಡುಕುತ್ತಾರಲ್ಲ ಎಂದು ಗೊಣಗಿದಾಗ ಮಿಷನ್ನು ನಿಂತಿತು.

“ರೀ, ನೀವು ಎಡಕ್ಕೆ ಕೂರ್ತೀರಿ” ಎಂದಳು.

“ಯಾರು ಹೇಳಿದ್ದು?”

“ನಿಮ್ಮ ಪ್ಯಾಂಟು.”

ಎದ್ದು ಹೋಗಿ ಪೆಟ್ಟಿಗೆಯಿಂದ ಅವನ ಹಳೇ ಪ್ಯಾಂಟುಗಳ ರಾಶಿಯನ್ನು ತಂದು ಮುಂದೆ ಸುರಿದಳು. ಒಂದೊಂದನ್ನೇ ಬೆಳಕಿಗೆ ಹಿಡಿದು ತೋರಿಸಿದಳು. ಎಡಗಡೆ ಜರಡಿ, ಬಲಗಡೆ ಅಂಗಡಿಯಿಂದ ತಂದ ದಿನದ ಬಣ್ಣ. ಎಲ್ಲ ಪ್ಯಾಂಟುಗಳೂ ಹಾಗೇ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೂರಣ್ಣ ಕೇಳಿದ. ಕಂಪನಿಯಲ್ಲಿ ಹಾಗೇ ಕೂರಿಸುತ್ತಾರೆ ಎಂದುಕೊಂಡಿದ್ದೆ, ಹಳೇ ಕಂಪನಿ, ಏನೇನೋ ಕ್ರಮಗಳಿರುತ್ತವೆ ಎಂದಳು.

ಆಗ ಒಳಗಿನಿಂದ ಅವನ ತಾಯಿ ಕೂಗಿ, “ಆ ಕುರು ಎದ್ದಾಗಿನಿಂದ ಅವನು ಹಾಗೇ ಕಣೇ. ನಾನು ಅವನಪ್ಪನ ಹಾಗೆ ಸೊಕ್ಕು ಬಂದಿದೆ ಅಂದ್ಕೊಂಡಿದ್ದೆ” ಎಂದಳು.

ಎರಡು ದಿನ ಆ ಮನೆಯಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಪಕ್ಕದ ಮನೆಯ ಗಾರೆಯವನಿಂದ ರಸಮಟ್ಟ ತಂದರು. ಕೂರಣ್ಣನನ್ನು ನಡುಮನೆಯ ಬೆಂಚಿನ ಮೇಲೆ ಕೂರಿಸಿ, ಎರಡೂ ಭುಜಗಳಿಗೆ ಸೇರಿಸಿ ಆ ಪಟ್ಟಿಯನ್ನು ಇಟ್ಟರು. ನೆಟ್ಟಗೆ ಕೂರಿ ಎಂದು ಹೆಂಡತಿ. ಕೂತಿದ್ದೇನಲ್ಲೇ ಎಂದು ಗಂಡ. ಗುಳ್ಳೆ ಬಲಗಡೆಯ ಮೂಲೆಯಲ್ಲಿ. ಬಲಕ್ಕೆ ಬನ್ನಿ ಎಂದಳು. ಬಂದ, ಬಂದ, ಬೆಂಚಿನಿಂದ ಕೆಳಗೇ ಬಿದ್ದ. ತಲೆಯ ಮೇಲೆ ನೀರಿನ ಬಟ್ಟಲು ಇಟ್ಟರು. ನೀರು ಎಡಗಿವಿಗೆ ಹೋಯಿತು. ತಾಯಿ ಪಕ್ಕದಲ್ಲಿ ಕೋಲು ಹಿಡಿದು ಕೂತು, ಎಡಕ್ಕೆ ವಾಲಿದಾಗಲೆಲ್ಲ ಎಡಪಕ್ಕೆಗೆ ತಿವಿದಳು. ತಿವಿತಕ್ಕೆ ಬಲಕ್ಕೆ ಬರುವುದು, ಕೋಲು ತೆಗೆದರೆ ಎಡಕ್ಕೆ ಹೋಗುವುದು. ಕೋಲಿನ ಸಮೇತ ಅಮ್ಮನನ್ನು ಕಂಪನಿಗೆ ಕರೆದುಕೊಂಡು ಹೋಗುವ ಹಾಗಿದ್ದರೆ ಆಗುತ್ತಿತ್ತೇನೋ. ಕೂರಣ್ಣ ಎಷ್ಟು ಗಮನವಿಟ್ಟು ಕೂತನೆಂದರೆ, ಕೊನೆಕೊನೆಗೆ ಕೂರುವುದು ಹೇಗೆಂಬುದೇ ಮರೆತು, ಮಂಡಿ ಎಲ್ಲಿ ಮಡಚಬೇಕು ಎಂದು ಯೋಚಿಸತೊಡಗಿದ.

ರಜೆಯ ದಿನ ಸಂಜೆ ಅವನು ಕೈಚೆಲ್ಲಿದ. ಗೋಣಿದಾರ ಕಟ್ಟುವ ಗಂಟು ಹೇಗೆ ಹಾಕುವುದು ಎಂದು ಹೆಂಡತಿಯನ್ನು ಕೇಳಿದ. ಅವಳು ಅವನ ಹಿಂದೆ ಹೋಗಿ ನಿಂತು, ಬಟ್ಟೆಗೆ ಅಳತೆ ನೋಡುವ ಹಾಗೆ ನೋಡಿದಳು. ತೋಳು ಉದ್ದವಾದವರಿಗೆ ತೋಳು ಉದ್ದ ಹೊಲಿಯುತ್ತೇವೆ, ಒಂದು ಭುಜ ಇಳಿದವರಿಗೆ ಅಲ್ಲಿ ಹತ್ತಿ ತುಂಬುತ್ತೇವೆ, ಯಾವ ಗಿರಾಕಿಗೂ ನಿನ್ನ ಮೈ ತಿದ್ದಿಕೊಂಡು ಬಾ ಎನ್ನುವುದಿಲ್ಲ. ಗಂಡನಿಗೆ ಮಾತ್ರ ಎರಡು ದಿನದಿಂದ ಅದನ್ನೇ ಅಂದೆನಲ್ಲ ಎಂದು ಅವಳಿಗೆ ಹೊಳೆಯಿತು.

“ಎಡ ತಗ್ಗು ತಾನೇ? ಎಡ ಎತ್ತರ ಮಾಡಿದ್ರಾಯ್ತು. ಪ್ಯಾಂಟು ಬಿಚ್ಚಿ” ಎಂದಳು.

ಹಳೇ ಪ್ಯಾಂಟುಗಳ ಬಲಗಡೆಗಳು ಹೊಸದರ ಹಾಗೇ ಇದ್ದವಲ್ಲ, ಅವನ್ನೇ ಕತ್ತರಿಸಿ, ಮಡಿಕೆ ಮೇಲೆ ಮಡಿಕೆ ಇಟ್ಟು, ಅಡ್ಡಡ್ಡ ಉದ್ದುದ್ದ ಹೊಲಿಗೆ ಹಾಕಿ ಒಂದು ಮೆತ್ತೆ ಮಾಡಿದಳು. ಅದನ್ನು ಒಳ್ಳೆಯ ಪ್ಯಾಂಟಿನ ಎಡಗಡೆಗೆ ಒಳಗಿನಿಂದ ಹಚ್ಚಿದಳು. ಕೂರಣ್ಣ ಹಾಕಿಕೊಂಡು ಕೂತ. ಭುಜದ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ಇನ್ನೂ ಬಲಕ್ಕಿತ್ತು. ಬಿಚ್ಚಿ ಎಂದಳು. ಇನ್ನೊಂದು ಮಡಿಕೆ ಸೇರಿಸಿದಳು. ಹಾಕಿದ, ಕೂತ. ಈ ಸಲ ಎಡಕ್ಕೆ ಹೋಯಿತು. ಬಿಚ್ಚಿ ಎಂದಳು. ಹೀಗೆ ಬಿಚ್ಚುವುದು ಹಾಕುವುದು ನಡೆದು, ತಾಯಿ ನಾಚಿಕೆಯಿಂದ ಒಳಗೆ ಹೋಗಿ, ಆಮೇಲೆ ಕುತೂಹಲ ತಡೆಯಲಾರದೆ ಹೊರಗೆ ಬಂದು, ಕೊನೆಗೆ ಗುಳ್ಳೆ ನಟ್ಟನಡುವೆ ಬಂದು ನಿಂತಿತು. ಕೂರಣ್ಣನ ಬಾಯಿಂದ ತಾನಾಗಿಯೇ ಉಸ್ಸಪ್ಪಾ ಬಂತು. ಅತ್ತೆ ಸೊಸೆ ಇಬ್ಬರೂ ಆ ಗುಳ್ಳೆಯನ್ನೇ ನೋಡುತ್ತ ನಿಂತರು.

ಬೆಳಿಗ್ಗೆ ಶೆಡ್ಡಿನಲ್ಲಿ ಕುರ್ಚಿಗಳು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಅಳಿಯ ಮೂಟೆ ಮೇಲೆತ್ತಿಕೊಂಡು ಕಾದಿದ್ದ. ಸಣ್ಣಮ್ಮ ಯಾವ ಕುರ್ಚಿ ಹೇಗಿದೆ ಎಂದು ತಾನೊಬ್ಬಳೇ ನೋಡಿಟ್ಟುಕೊಂಡಿದ್ದಳು. ಮೇಸ್ತ್ರಿ ಕೈಕಟ್ಟಿ ನಿಂತಿದ್ದ. ಕೂರಣ್ಣ ಗೆಲ್ಲಲಿ ಎಂದೇ ಅವನ ಆಸೆ, ಕೂರಣ್ಣ ಗೆದ್ದರೆ ಬಲಗಾಲು ಉಜ್ಜಿದ್ದೂ ಸರಿ ಎಂದಾಗುತ್ತದಲ್ಲ ಎಂದು ಅವನ ಲೆಕ್ಕ.

ಕೂರಣ್ಣ ಬಂದ. ನಡಿಗೆ ಸ್ವಲ್ಪ ಬಾತುಕೋಳಿಯ ಹಾಗಿತ್ತು, ಹೆದರಿಕೆಗಿರಬೇಕು ಎಂದು ಎಲ್ಲರೂ ಅಂದುಕೊಂಡರು. ಮೊದಲನೆಯ ಕುರ್ಚಿಗೆ ಬೆನ್ನು ತೋರಿಸಿ ನಿಂತ. ಭಾರ ಬಿಟ್ಟ. ಒರಗಿದ. ಕಾಲ ಮೇಲೆ ಕಾಲು ಹಾಕಿ ತೆಗೆದ.

“ಬಲಗಡೆ ತಗ್ಗು” ಎಂದ.

ಮೇಸ್ತ್ರಿ ನಿಂತಲ್ಲಿಂದ ಕುಸಿದು ನೆಲದ ಮೇಲೆ ಕೂತುಬಿಟ್ಟ. ಕೂರಣ್ಣನ ಬಾಯಲ್ಲಿ ಬಲ ಎಂಬ ಮಾತನ್ನು ಅವನು ಕೇಳಿ ಎಷ್ಟು ಕಾಲವಾಗಿತ್ತೋ. ಸಣ್ಣಮ್ಮ ಮುಂದಿನದು ಎಂದು ಕೈ ತೋರಿಸಿದಳು. ಅದು ಹೋಗಲಿ. ಅದರ ಮುಂದಿನದೂ ಬಲ ತಗ್ಗು. ಇನ್ನೊಂದಕ್ಕೆ ಸಣ್ಣಮ್ಮ ಬೇಕೆಂದೇ ಬಲಗಾಲುಗಳ ಅಡಿಯಲ್ಲಿ ರಟ್ಟು ಸೇರಿಸಿದ್ದಳು. ಅದರ ಮೇಲೆ ಕೂತು, ಹುಬ್ಬು ಗಂಟಿಕ್ಕಿ, ಇದು ಎಡ ತಗ್ಗು, ಆದರೆ ಮೇಸ್ತ್ರಿಯ ಕೈಯಿಂದ ಆದದ್ದಲ್ಲ ಎಂದ. ಸಾಲು ಮುಗಿಯುವವರೆಗೆ ಒಂದನ್ನೂ ತಪ್ಪಲಿಲ್ಲ. ಶೆಡ್ಡಿನಲ್ಲಿ ಗುಜುಗುಜು ಶುರುವಾಯಿತು. ಸಣ್ಣಮ್ಮನ ಮುಖ ಅರಳಿತು. ಗೆದ್ದಿರಿ ಎಂದಳು.

ಕೂರಣ್ಣ ಕೈಮುಗಿದು, ಹೊರಡಲು ಆಚೆ ತಿರುಗಿದ. ತಿರುಗಬಾರದಿತ್ತು. ನೆಲದ ಮೇಲೆ ಕೂತಿದ್ದ ಮೇಸ್ತ್ರಿಯ ಕಣ್ಣು ಸರಿಯಾಗಿ ಆ ಎತ್ತರಕ್ಕೇ ಇತ್ತು.

“ಸಣ್ಣಮ್ಮ, ಕೂರಣ್ಣನಿಗೆ ಮತ್ತೆ ಕುರು ಎದ್ದಂಗಿದೆ. ಈ ಸಲ ಎಡಗಡೆ. ಒಳ್ಳೇ ದಿಂಬಿನಷ್ಟಿದೆ” ಎಂದ.

ಎಲ್ಲರೂ ನೋಡಿದರು. ಸಣ್ಣಮ್ಮ ಏನದು ಎಂದು ಕೇಳಿದಳು. ಸುಳ್ಳು ಹೇಳಿ ಪಾರಾಗುವಷ್ಟು ಚುರುಕು ಕೂರಣ್ಣನಿಗಿಲ್ಲ. ಕುರು ಎದ್ದದ್ದರಿಂದ ಹಿಡಿದು, ಜರಡಿ ಪ್ಯಾಂಟು, ಕೋಲಿನ ತಿವಿತ, ಬಿಚ್ಚಿ ಹಾಕಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ನಗು ತಡೆಯಲಾರದೆ ಒಬ್ಬ ವಾರ್ನಿಶ್ ಡಬ್ಬಿಯನ್ನೇ ಕೆಡವಿದ. ಸಣ್ಣಮ್ಮ ನಗಲಿಲ್ಲ, ನಗದಿರಲು ಅವಳು ಪಟ್ಟ ಪಾಡು ಮಾತ್ರ ಎಲ್ಲರಿಗೂ ಕಂಡಿತು. ಕೂರಣ್ಣನನ್ನು ನೆಟ್ಟಗಿನ ಕುರ್ಚಿಯಲ್ಲಿ ಕೂರಿಸಿ, ಅವನ ಭುಜದ ಮೇಲೆ ರಸಮಟ್ಟ ಇಟ್ಟಳು. ಗುಳ್ಳೆ ನಡುವೆಯೇ ಇತ್ತು.

“ಹಾಗಾದ್ರೆ ಕುರ್ಚಿ ನೋಡಿದ್ದು ಯಾರು ಕೂರಣ್ಣ? ನೀವೋ, ಪ್ಯಾಂಟೋ?”

ಕೂರಣ್ಣ ಯೋಚಿಸಿದ. “ಇಬ್ರೂ ಸೇರಿ ನೋಡಿದ್ವಿ ಸಣ್ಣಮ್ಮ. ಪ್ಯಾಂಟು ಒಂದನ್ನೇ ಕೂರಿಸಿದ್ರೆ ಉಸ್ಸಪ್ಪಾ ಅನ್ನಲ್ಲ. ನಾನೊಬ್ಬನೇ ಕೂತ್ರೆ ಎಡ ತಗ್ಗು ಅಂತೀನಿ.”

ಸಣ್ಣಮ್ಮ ಅವನ ಭುಜದಿಂದ ರಸಮಟ್ಟವನ್ನು ಎತ್ತಿಕೊಂಡಳು. ಸರಿ, ಕೆಲಸ ನಿಮ್ಮದೇ, ಆದರೆ ಈ ಪ್ಯಾಂಟು ಇಲ್ಲದೆ ಕೂರಕೂಡದು, ದಿನಾ ಇದನ್ನೇ ಹಾಕಿಕೊಂಡು ಬರಬೇಕು ಎಂದಳು. ಆಗ ಕೂರಣ್ಣನಿಗೆ ಹೊಸ ಸಂಕಟ. ದಿನಾ ಹೇಗೆ ಸಣ್ಣಮ್ಮ, ಒಗೆಯೋದು ಬೇಡವೇ ಎಂದು ಸಣ್ಣ ಧ್ವನಿಯಲ್ಲಿ ಕೇಳಿದ. ಸಣ್ಣಮ್ಮ ಕಂಬಕ್ಕೆ ತೂಗಾಡುತ್ತಿದ್ದ ಮರಳಿನ ಮೂಟೆಯನ್ನು ನೋಡಿದಳು. ಅಷ್ಟು ದೂರದಿಂದ ತರಿಸಿದ ಯಂತ್ರ, ಅದಕ್ಕೂ ಏನಾದರೂ ಕೆಲಸ ಬೇಕಲ್ಲ.

“ಒಗೆದ ದಿನ ಅಳಿಯ ಕೂರ್ಲಿ” ಎಂದಳು.

ಹಾಗೇ ಆಯಿತು. ಮೇಸ್ತ್ರಿಯ ಕೈಗೆ ಬಲಗಾಲು ಉಜ್ಜದೆ ಬಿಡುವುದನ್ನು ಕಲಿಸಲು ತಿಂಗಳುಗಟ್ಟಲೆ ಹಿಡಿಯಿತು. ಅರ ಬಚ್ಚಿಟ್ಟರೆ ಉಗುರಿನಿಂದಲೇ ಕೆರೆಯುತ್ತಿದ್ದ. ಕ್ಷೌರದಂಗಡಿಯವನು ಬಂದು, ಹೊಸ ಕುರ್ಚಿಗಳಲ್ಲಿ ಗಿರಾಕಿಗಳ ತಲೆ ನೆಟ್ಟಗೆ ನಿಲ್ಲುತ್ತದೆ, ಇದೆಂಥ ಕಳಪೆ ಮಾಲು ಎಂದು ಜಗಳ ಮಾಡಿಹೋದ. ಕೂರಣ್ಣ ಮಾತ್ರ ಮೊದಲಿನ ಹಾಗೇ ಬೆನ್ನು ತೋರಿಸಿ, ಭಾರ ಬಿಟ್ಟು, ಉಸ್ಸಪ್ಪಾ ಎಂದು ಮುದ್ರೆ ಒತ್ತುತ್ತ ಉಳಿದ.

ಇನ್ನೊಂದು ಪ್ಯಾಂಟು ಹೀಗೇ ಹೊಲಿದುಕೊಡು, ಆಗ ಒಗೆಯುವ ದಿನವೂ ಹೋಗಬಹುದು ಎಂದು ಅವನು ಹೆಂಡತಿಯನ್ನು ಕೇಳಿ ಕೇಳಿ ಸೋತ. ಬಲಗಡೆಯ ಬಟ್ಟೆ ಖರ್ಚಾಗಿದೆ ಎಂದಳು. ಆ ಅಳತೆ ಮತ್ತೆ ಕೂಡಿಬರುವುದಿಲ್ಲ ಎಂದಳು. ಅವಳ ಕಷ್ಟ ಅವಳಿಗೆ. ಇಷ್ಟು ವರ್ಷ ಗಂಡನಿಗೆ ಒಂದು ದಿನ ರಜೆ ಹಾಕಿ ಎಂದರೆ, ನಾನು ಕೂರದಿದ್ದರೆ ಕಂಪನಿ ನಿಲ್ಲುತ್ತದೆ ಎನ್ನುತ್ತಿದ್ದ. ಈಗ ಅವಳು ಕೇಳುವುದೂ ಇಲ್ಲ, ಅವನು ಉತ್ತರ ಕೊಡುವುದೂ ಇಲ್ಲ. ತವರಿಗೆ ಹೋಗಬೇಕಾಗಿರಲಿ, ಸಂತೆಯಿಂದ ಮೂಟೆ ಹೊತ್ತು ತರಬೇಕಾಗಿರಲಿ, ಅಥವಾ ಸುಮ್ಮನೆ ಒಂದು ದಿನ ಗಂಡ ಮನೆಯಲ್ಲಿರಲಿ ಅನ್ನಿಸಿರಲಿ, ಕೂರಣ್ಣ ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಪ್ಯಾಂಟು ಬಕೆಟ್ಟಿನ ಸೋಪು ನೀರಿನಲ್ಲಿ ಮುಳುಗಿರುತ್ತದೆ.